ಸೋಮವಾರದ ಬಟ್ಟೆಯ ಹಿಂಬದಿ

ತ್ರಿಯೆಸ್ತೆ
ಮೇ 14, 1984, ಸೋಮವಾರ

ಪ್ರೀತಿಯ ಮಿಲೋಯ್ಕಾ ಅತ್ತಿಗೆಗೆ,

ನೆರೀನಾಳ ನಮಸ್ಕಾರಗಳು. ಲಕೋಟೆಯ ಮೇಲೆ ನನ್ನ ಹೆಸರು ನೋಡಿ ನೀವು ಹುಬ್ಬು ಗಂಟಿಕ್ಕುತ್ತೀರಿ ಎಂದು ಗೊತ್ತು. ಒಲೆಗೆ ಹಾಕುವುದಿದ್ದರೂ ಓದಿಯೇ ಹಾಕಿ. ನಿಮ್ಮ ಮೊಣಕಾಲು ನೋವು ಹೇಗಿದೆ? ಅಲ್ಲಿ ಬೆಟ್ಟದ ಮೇಲೆ ದ್ರಾಕ್ಷಿ ಬಳ್ಳಿ ಚಿಗುರಿರಬೇಕು. ಈ ಕಾಗದ ಫೆಬ್ರವರಿಯಲ್ಲೇ ಬರೆಯಬೇಕಿತ್ತು. ಇವತ್ತು ನಾಳೆ ಎನ್ನುತ್ತಾ ಮೇ ಬಂದುಬಿಟ್ಟಿತು, ಕ್ಷಮಿಸಿ.

ನಿಮ್ಮ ತಮ್ಮನಿಗೆ ಲಕ್ವ ಹೊಡೆದಿದೆ. ಗಾಬರಿಯಾಗಬೇಡಿ, ಜೀವಕ್ಕೆ ಅಪಾಯವಿಲ್ಲ. ಬಲಗೈ ಸ್ವಾಧೀನ ತಪ್ಪಿದೆ. ಕೋಲೂರಿಕೊಂಡು ಕಿಟಕಿಯವರೆಗೆ ಹೋಗಿ ಬಂದರಿನ ಹಡಗು ನೋಡಿ ಬರುತ್ತಾರೆ. ಊಟ ಸೇರುತ್ತದೆ. ಹೋದದ್ದು ಮಾತು. ನನ್ನ ಹೆಸರೂ ಹೋಯಿತು.

ಮಾತು ಕಲಿಸಲು ಫುಲ್ವಿಯಾ ಎಂಬ ಹುಡುಗಿ ಮನೆಗೆ ಬರುತ್ತಾಳೆ. ಎಲ್ಲ ಮರೆತವರ ಬಾಯಲ್ಲೂ ವಾರದ ದಿನಗಳ ಹೆಸರು ಒಮ್ಮೊಮ್ಮೆ ಉಳಿದಿರುತ್ತದಂತೆ, ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು ನೋಡಿ. ಸೋಮವಾರದಿಂದ, "ಲುನೆದಿ..." ಎಂದು ಶುರುಮಾಡಿ ಅವಳು ಇವರ ಮುಖ ನೋಡುವಳು. ಇವರು ಗೋಡೆ ನೋಡುವರು. ಮಾಂಸದಂಗಡಿಯವನು ಕೊಟ್ಟ ಕ್ಯಾಲೆಂಡರ್ ತಂದು ಲುನ್, ಮಾರ್, ಮೆರ್ ಎಂದು ಬೆರಳಿಟ್ಟು ತೋರಿಸಿದೆವು. ಮುಖ ತಿರುಗಿಸಿದರು. "ಸೋಮವಾರವೇ ಬೇಡ ಅನ್ನೋ ಗಂಡಸಿಗೆ ಭಾನುವಾರದ ಅಡುಗೆ ಯಾಕೆ ಮಾಡ್ಲಿ?" ಎಂದು ಒಂದು ದಿನ ರೇಗಿಯೂಬಿಟ್ಟೆ.

ನಮ್ಮ ಮದುವೆಗೆ ನಿಮ್ಮ ತಾಯಿ ತಮ್ಮ ಪೆಟ್ಟಿಗೆಯಿಂದ ತೆಗೆದು ಕೊಟ್ಟ ಪಾತ್ರೆ ಒರೆಸುವ ಬಟ್ಟೆಗಳು ನೆನಪಿವೆಯಾ? ದಿನಕ್ಕೊಂದರಂತೆ ಏಳು, ಒಂದೊಂದರ ಮೂಲೆಯಲ್ಲೂ ಕೆಂಪು ದಾರದಲ್ಲಿ ಆಯಾ ದಿನದ ಹೆಸರು. ಅಷ್ಟು ಚಂದದ ಬಟ್ಟೆಗೆ ಎಣ್ಣೆ ಜಿಡ್ಡು ಮೆತ್ತಲು ಮನಸ್ಸಾಗದೆ ಎತ್ತಿಟ್ಟಿದ್ದೆ. ಈಸ್ಟರಿಗೆ ಬೀರು ಝಾಡಿಸುವಾಗ ಹೊರಗೆ ಬಂದವು. ಇಸ್ತ್ರಿ ಮಾಡುತ್ತಿದ್ದೆ, ಇವರು ಎಡಗೈ ಚಾಚಿ ಸೋಮವಾರದ್ದನ್ನು ಕಸಿದುಕೊಂಡರು. ಹಿಂದುಮುಂದು ಮಾಡಿ ಕಿಟಕಿಯ ಬೆಳಕಿಗೆ ಹಿಡಿದರು. ಆಗ ನನಗೂ ಕಂಡಿತು. ಹೊಲಿಗೆಯ ಅಡಿಯಲ್ಲಿ ಹಳೆಯ ಸೂಜಿ ತೂತುಗಳ ಇನ್ನೊಂದು ಸಾಲು. ನಮ್ಮ ಲುನೆದಿ ಮುಗಿದ ಮೇಲೂ ತೂತುಗಳು ಮುಂದೆ ಹೋಗಿದ್ದವು. ಅದರ ಮೇಲೆ ಹೆಬ್ಬೆರಳು ಎಳೆದು, ನಿಮ್ಮ ಮಾತಿನಲ್ಲಿ "ಪೊನೆದೇಲ್ಯೆಕ್" ಎಂದರು.

ಫೆಬ್ರವರಿಯಿಂದ ನಾನು ಕೇಳಿದ ಮೊದಲ ಮಾತು ಅದು. ಆಮೇಲೆ ನಿಲ್ಲಲಿಲ್ಲ. ತೋರೆಕ್, ಸ್ರೇದಾ, ಚೆತೆರ್ತೆಕ್, ಪೇತೆಕ್, ಸೋಬೋತಾ, ನೆದೇಲ್ಯಾ. ಶಾಲೆಗೆ ಹೋಗುವ ಮಗುವಿನ ಹಾಗೆ ತಲೆ ಅಲ್ಲಾಡಿಸಿಕೊಂಡು ಹೇಳಿದರು. ಆ ದನಿಯನ್ನು ನಾನು ಹಿಂದೆ ಕೇಳಿಯೇ ಇರಲಿಲ್ಲ. ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಅತ್ತುಬಿಟ್ಟೆ.

ಕೆಳಗೆ ಹಾಲಿನಂಗಡಿ ಇಟ್ಟಿರುವ ಪಾವ್ಲಾ ನಿಮ್ಮ ಕಡೆಯವಳೇ. ಬಟ್ಟೆ ತೋರಿಸಿದರೆ ಅವಳಿಗೇನೂ ಆಶ್ಚರ್ಯವಾಗಲಿಲ್ಲ. "ಫ್ಯಾಸಿಸ್ಟರ ಕಾಲ್ದಲ್ಲಿ ನಿಮ್ಮೋರು ನಮ್ಮ ಮಾತು ಬಾಯಿಗೆ ಬರಬಾರ್ದು ಅಂತ ಕಾನೂನು ಮಾಡಿದ್ರಲ್ಲ, ಆಗ ನಮ್ಮಮ್ಮನೂ ಹೊಲಿಗೆ ಕಿತ್ತಿದ್ಲು. ಯಾರಾದ್ರೂ ಅಡುಗೆಮನೆಗೆ ನುಗ್ಗಿ ನೋಡಿಬಿಟ್ರೆ ಅಂತ ಭಯ. ಕಿತ್ತ ದಾರದಲ್ಲೇ ಇಟಾಲಿಯನ್ ಹೊಲಿದ್ಲು, ದಾರ ಯಾಕೆ ದಂಡ ಮಾಡೋದು?" ಎಂದಳು. ಇವರು ಈ ಸುದ್ದಿ ನನಗೆ ಒಂದು ದಿನವೂ ಹೇಳಿರಲಿಲ್ಲ.

ನಾನು ಕಲಿಯಬೇಕು ಎಂದಾಗ ಪಾವ್ಲಾ ನಕ್ಕಳು. "ಏನ್ರೀ ಸಿನ್ಯೋರಾ, ಇಷ್ಟು ವರ್ಷ ಒಂದೇ ಮಂಚದಲ್ಲಿ ಮಲಗಿ ಸೋಮವಾರನೂ ಕಲೀಲಿಲ್ವಾ?" ಆದರೂ ಹಾಲು ಅಳೆಯುತ್ತಲೇ ಕಲಿಸಿದಳು. ನಮ್ಮ ವಾರದಲ್ಲಿ ಚಂದ್ರ, ಮಂಗಳ, ಬುಧ, ಗುರು, ಶುಕ್ರರೆಲ್ಲ ಇದ್ದಾರೆ. ನಿಮ್ಮದರಲ್ಲಿ ಒಂದು ಗ್ರಹವೂ ಇಲ್ಲವಂತೆ. ಎರಡನೆಯದು, ನಡುವಿನದು, ನಾಲ್ಕನೆಯದು, ಐದನೆಯದು ಎಂದು ಎಣಿಸಿಕೊಂಡು ಹೋಗಿ ಕೊನೆಗೆ ಕೆಲಸವಿಲ್ಲದ ದಿನವಂತೆ. ಲೆಕ್ಕದ ಜನವಪ್ಪಾ ನೀವು. ಕ್ಯಾಲೆಂಡರಿನ ಲುನ್, ಮಾರ್, ಮೆರ್ ಕೆಳಗೆ ನಾನೇ ಪೆನ್ಸಿಲಿನಲ್ಲಿ ಪೊನ್, ತೊರ್, ಸ್ರೆ ಎಂದು ಬರೆದಿದ್ದೇನೆ.

ಈಗ ನೀರು, ರೊಟ್ಟಿ, ಅಮ್ಮ ಎನ್ನುತ್ತಾರೆ. ಎಲ್ಲ ನಿಮ್ಮ ಮಾತಿನಲ್ಲೇ. ಇಟಾಲಿಯನ್ ಒಂದು ಚೂರೂ ಬರುತ್ತಿಲ್ಲ. ಬರಲಾರದು ಎಂದು ಫುಲ್ವಿಯಾ ಅಂದಳು.

ಅತ್ತಿಗೆ, ನೀವು ಬರಬೇಕು. ಎಷ್ಟೋ ವರ್ಷದ ಹಿಂದಿನ ಆ ಈಸ್ಟರಿಗೆ ನೀವು ಹ್ಯಾಮು, ಬ್ರೆಡ್ಡು ಹೊತ್ತುಕೊಂಡು ಬಂದು, ಇವರನ್ನು ನಿಮ್ಮ ಮಾತಿನಲ್ಲಿ ಜ಼ೋರ್ಕೊ ಎಂದು ಬಾಗಿಲಲ್ಲಿ ಕೂಗಿದಾಗ, ನಮ್ಮ ತಾಯಿಯ ಎದುರು ಇವರು ನಿಮಗೆ ಇಟಾಲಿಯನ್ನಿನಲ್ಲಿ ಉತ್ತರ ಕೊಟ್ಟರು. ನೀವು ಬುಟ್ಟಿ ಮೇಜಿನ ಮೇಲಿಟ್ಟು ಕೋಟು ಕೂಡ ಬಿಚ್ಚದೆ ಹೋದಿರಿ. ನಾನಾಗಿದ್ದರೂ ಹೋಗುತ್ತಿದ್ದೆ. ಆದರೆ ಇವತ್ತು ಆ ಹೆಸರು ಹಿಡಿದು ಕರೆದರೆ ಇವರು ನಿಮ್ಮ ಮಾತಿನಲ್ಲೇ ಓಗೊಡುತ್ತಾರೆ, ಬೇರೆ ಮಾತು ಇವರಲ್ಲಿ ಉಳಿದಿಲ್ಲ. ಮೇಲಿಂದ ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ.

ದೇವರು ನಿಮ್ಮ ಕಾಲಿಗೆ ಶಕ್ತಿ ಕೊಡಲಿ, ನಿಮ್ಮ ಬಳ್ಳಿಗಳನ್ನು ಆಲಿಕಲ್ಲಿನಿಂದ ಕಾಯಲಿ. ದೊಡ್ಡವರು ನೀವು, ನಮ್ಮಿಬ್ಬರನ್ನೂ ಹರಸಿ.

ನಿಮ್ಮ
ನೆರೀನಾ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಏಳೂ ಹೆಸರು ನನ್ನ ಬಾಯಿಗೆ ಬಂದ ದಿನ ಒಳ್ಳೆಯ ಉಡುಪು ಹಾಕಿಕೊಂಡು ಇವರ ಪಕ್ಕ ಕೂತೆ. ಇವರು "ಪೊನೆದೇಲ್ಯೆಕ್" ಎಂದರು. ನಾನು "ತೋರೆಕ್" ಎಂದೆ. ಇವರ ಮುಖ ಬಿಳಿಚಿಕೊಂಡಿತು. ಸೋಮವಾರದ ಬಟ್ಟೆ ಮುದುರಿ ಅಂಗಿಯೊಳಗೆ ತುರುಕಿ, ಕೈ ಮುಂದೆ ಮಾಡಿ ನನ್ನನ್ನು ಏನೋ ಬೇಡಿಕೊಂಡರು. ಹಾಲು ತಂದಿದ್ದ ಪಾವ್ಲಾ ಅರ್ಥ ಹೇಳಲು ಒಪ್ಪಲಿಲ್ಲ, ನಾನು ಬಿಡಲಿಲ್ಲ. "ನಾನೇನೂ ಹೇಳ್ಲಿಲ್ಲ ಅಮ್ಮಾವ್ರೇ. ನಮ್ಮಮ್ಮ ಎಲ್ಲಾ ಕಿತ್ತುಹಾಕಿದ್ದಾಳೆ. ನಮ್ಮ ಹೆಸರು ಬರ್ಕೋಬೇಡಿ" ಅಂದರಂತೆ. ನನ್ನ ಇಟಾಲಿಯನ್ ಉಚ್ಚಾರ ಕೇಳಿ, ಆಗ ಮನೆ ಶೋಧಿಸಲು ಬರುತ್ತಿದ್ದವರ ಪೈಕಿ ಎಂದುಕೊಂಡಿರಬೇಕು. ನನಗೆ, ಅತ್ತಿಗೆ, ನನಗೆ ಹೆದರುತ್ತಿದ್ದಾರೆ. ಬೇಗ ಬನ್ನಿ. ನೀವು ಮಾತಾಡುವಷ್ಟು ಹೊತ್ತೂ ನಾನು ಅಡುಗೆಮನೆಯಲ್ಲೇ ಇರುತ್ತೇನೆ, ಇವರ ಕಣ್ಣಿಗೆ ಬೀಳುವುದಿಲ್ಲ.