ವಿ-ಎಯ್ಟಿಗೆ ಹೊಸ ಡ್ರಮ್ಮು

೧೧ ಜನವರಿ ೧೯೫೫, ಉಮರ್ಗಾ

ಬೆಳಿಗ್ಗೆ ಲಿಂಗಪೂಜೆ, ಆಮೇಲೆ ರೇಡಿಯೇಟರಿಗೆ ನೀರು. ಎಂದಿನ ಕ್ರಮ. ನಮ್ಮ ಕಾಳಿನ ಅಂಗಡಿಯ ಎರಡು ಚೀಲ ತೊಗರಿ ಹಿಂದಿನ ಸೀಟಿಗೆ ಹಾಕಿಸಿ ತುರೋರಿಗೆ ಹೊರಟೆ. ಪಕ್ಕದಲ್ಲಿ ಇವರು, ನನ್ನ ಯಜಮಾನರು, ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು. ಗಾಡಿ ಕೊಂಡವರು ಇವರೇ — ಪೊಲೀಸ್ ಆ್ಯಕ್ಷನ್ ಆಗಿ ನಿಜಾಮಶಾಹಿ ಮುಗಿದ ಮರುವರ್ಷ, ಜಾಗೀರದಾರರು ಊರು ಬಿಡುವಾಗ. ಮೊದಲ ದಿನವೇ ಬೇವಿನ ಮರಕ್ಕೆ ಗುದ್ದಿದರು. ಅಂದಿನಿಂದ ಸ್ಟೀರಿಂಗ್ ಮುಟ್ಟಿಲ್ಲ. ಕಲಿತವಳು ನಾನು. ಎಂಟು ಸಿಲಿಂಡರಿನ ವಿ-ಎಯ್ಟು. ಇದನ್ನು ಹಿಂದೆ ಹಾಕುವ ಮೋಟಾರು ಈ ತಾಲೂಕಿನಲ್ಲಿಲ್ಲ. ಜಂಬ ಕೊಚ್ಚಿಕೊಳ್ಳಬಾರದು ಅನ್ನುತ್ತಾರೆ. ಇಲ್ಲಿ ಕೊಚ್ಚಿಕೊಳ್ಳದೆ ಇನ್ನೆಲ್ಲಿ?

ತುರೋರಿ ಇಳಿಜಾರಿನಲ್ಲಿ ಅಡ್ಡಲಾಗಿ ಲಾರಿ. ಬ್ರೇಕು ತುಳಿದೆ. ಕಿರ್ರೆಂದಿತು, ನಿಲ್ಲಲಿಲ್ಲ. ಸ್ಟೀರಿಂಗ್ ಎಳೆದು ಕಡಲೆ ಹೊಲಕ್ಕೆ ಇಳಿಸಿದೆ. ಯಾರಿಗೂ ಏನೂ ಆಗಲಿಲ್ಲ, ಶಿವನ ದಯೆ. ಇವರು ಇಳಿದು ಧೋತರ ಝಾಡಿಸಿಕೊಂಡು, "ಬೇವಿನ ಗಿಡಕ್ಕಿಂತ ಕಡ್ಲಿ ಹೊಲಾ ಮೆತ್ತಗ ಅದ, ಶಿವಗಂಗಾ," ಅಂದರು. ನಗು ಬಂತು. ಎತ್ತು ಕಟ್ಟಿಸಿ ಗಾಡಿಯನ್ನು ಮನೆಗೆ ಎಳೆಸಿದೆ.

೧೨ ಜನವರಿ

ಸುದ್ದಿ ನಮಗಿಂತ ಮೊದಲೇ ಮನೆ ಸೇರಿತ್ತು. ಪಡಸಾಲೆಯಲ್ಲಿ ಪಂಚಾಯಿತಿ. ಮೈದುನ ದಿಗಂಬರ ಶುರು ಮಾಡಿದ.

"ವಹಿನಿ, ಮೋಟಾರ್ ಅಂದ್ರ ಮುಸುರಿ ಗಡಗಿ ಅಲ್ಲ. ನಿಲಂಗಾದಾಗ ನನ್ನ ದೋಸ್ತ ಒಬ್ಬ ತಗೋತೀನಿ ಅಂದಾನ. ಕೊಟ್ಟ ಬಿಡೋಣು."

ಅಡುಗೆಮನೆ ಬಾಗಿಲಿಂದ ಅತ್ತೆ ಗಿರಿಜಾಬಾಯಿ — "ಎತ್ತು ಎಡವಿದ್ರ ಎತ್ತು ಮಾರ್ತಾರೇನು? ಲಾಳಾ ಹೊಡಸ್ತಾರ."

ಇಡೀ ಮನೆಯಲ್ಲಿ ನನ್ನ ಪರವಾಗಿ ಬಂದ ಮಾತು ಅದೊಂದೇ.

ಮಾವ ಕಲ್ಯಾಣಪ್ಪನವರು ಅಡಿಕೆ ಕತ್ತರಿಸಿ ಮುಗಿಸಿದರು. ಆಮೇಲೆ, "ಬ್ರೇಕ್ ದುರುಸ್ತ್ ಮಾಡಸ್ರಿ. ನಾ ಅಂಗಡಿ ಮುಂದ ನಿಂದರ್ತೀನಿ. ನನ್ನ ಮುಂದ ಸರಿಯಾಗಿ ನಿಲ್ಲಿಸಿದ್ಲು, ಚಾವಿ ಆಕಿ ಕಡಿ. ಇಲ್ಲಾ, ಗಾಡಿ ನಿಲಂಗಾಕ್ಕ," ಅಂದರು.

ಅಷ್ಟೇ. ನಿಂತರೆ ರಸ್ತೆ ನನ್ನದು. ನಿಲ್ಲದಿದ್ದರೆ ಮತ್ತೆ ಒಲೆ, ಕಿಟಕಿ. ಈ ದಿಗಂಬರ ಎತ್ತಿನ ಗಾಡಿಯನ್ನು ಎರಡು ಸಲ ಹಳ್ಳಕ್ಕೆ ಕೆಡವಿದ್ದಾನೆ. ಅವನ ಕೈಯಿಂದ ಬಾರುಕೋಲು ಯಾರೂ ಕಿತ್ತುಕೊಳ್ಳಲಿಲ್ಲ. ಮೈ ಉರಿಯುತ್ತದೆ.

೧೫ ಜನವರಿ

ಸಂಕ್ರಮಣದ ಗದ್ದಲ ಮುಗಿಯಿತು. ಜಗದೇವಪ್ಪ ಮಿಸ್ತ್ರಿ ಬಂದು ಗಾಲಿ ಬಿಚ್ಚಿದ. ಗಾಲಿಯ ಒಳಗೊಂದು ಕಬ್ಬಿಣದ ಡ್ರಮ್ಮು. ಬ್ರೇಕು ತುಳಿದಾಗ ಅದರ ಒಳಮೈಗೆ ಲೈನಿಂಗು ಒತ್ತಿ ಹಿಡಿಯಬೇಕು. ನಮ್ಮ ಡ್ರಮ್ಮಿನ ಒಳಗೆ ಕುಂಟೆ ಹೊಡೆದ ಹಾಗೆ ಗೆರೆ.

"ಖರಾದಿ ಮಶೀನಿಗೆ ಹಾಕಿ ಹೆರಸಿ ನುಣ್ಣಗ ಮಾಡಸ್ಲೇನ್ರಿ?" ಅಂದ. ಬೇಡ ಅಂದೆ. ಜಾಗೀರದಾರರ ಕಾಲದಲ್ಲೇ ಒಮ್ಮೆ ಹೆರೆಸಿದ್ದಾರೆ. ಇನ್ನೂ ಹೆರೆದರೆ ತಗಡಾಗುತ್ತದೆ, ಕಾದು ಸೀಳು ಬಿಡುತ್ತದೆ.

ದಿಗಂಬರನದು ಬೇರೆ ಉಪಾಯ. ಉದಗೀರದ ಗುಜರಿಯಲ್ಲಿ ಲಾರಿ ಡ್ರಮ್ಮುಗಳಿವೆಯಂತೆ. "ದಪ್ಪ ಅವ, ವಹಿನಿ. ಜನ್ಮಾ ಪೂರ್ತಿ ಬರ್ತಾವ." ಜಗದೇವಪ್ಪನೂ ತೂತು ಹೊಡೆದು ಕೂರಿಸುತ್ತೇನೆ ಅಂದ. ಕುದುರೆಗೆ ಕೋಣದ ಭಾರ ಹೊರಿಸಿದಂತಾಗುತ್ತದೆ. ಗಾಡಿ ನಿಲ್ಲಬೇಕು ನಿಜ, ಅದಕ್ಕೆ ಮೊದಲು ಓಡಲೂ ಬೇಕಲ್ಲ.

ಸೊಲ್ಲಾಪುರಕ್ಕೇ ಹೋಗಬೇಕು. ಇದೇ ಗಾಡಿಗೆಂದು ಮಾಡಿದ ಹೊಸದು, ನಾಲ್ಕೂ ಗಾಲಿಗೆ.

೧೯ ಜನವರಿ, ಸೊಲ್ಲಾಪುರ

ಬಸ್ಸಿನಲ್ಲಿ ಬಂದದ್ದು. ಡ್ರೈವರ್ ಗೇರು ಹಾಕುವ ರೀತಿ ನೋಡಿ ಹಲ್ಲು ಕಚ್ಚಿ ಕೂತಿದ್ದೆ.

ಮೋಟಾರು ಸಾಮಾನಿನ ಅಂಗಡಿಯವರು ಕೇಳುವುದೆಲ್ಲ ಇವರನ್ನೇ. ಯಾವ ಮಾಡೆಲ್ ಶೇಠ್, ಮುಂದಿನದೋ ಹಿಂದಿನದೋ ಶೇಠ್. ಇವರು ಎಲೆ ಮಡಿಸುತ್ತ, "ನನಗೇನ್ ಕೇಳ್ತೀರಿ? ನಾ ಹಮಾಲ. ಮಾಲಕೀಣಬಾಯಿ ಅಲ್ಲಿ ನಿಂತಾಳ," ಅಂದರು. ಇಂಥ ಗಂಡ ಊರಿಗೊಬ್ಬ ಸಿಗುವುದಿಲ್ಲ.

ಎರಡು ನಮೂನೆ ತೋರಿಸಿದರು. ಒಂದು ನುಣುಪು, ಕರಿ ಬಣ್ಣ ಬಳಿದು ಮಿರಿಮಿರಿ. ಇನ್ನೊಂದಕ್ಕೆ ಬಣ್ಣವಿಲ್ಲ, ಹೊರ ಅಂಚಿಗೆ ಸುತ್ತಲೂ ಎದ್ದು ನಿಂತ ಏಣು. ಏಣಿದ್ದರೆ ಗಾಳಿ ತಾಗಿ ಬೇಗ ಆರುತ್ತದೆ. ಜೋರಾಗಿ ಓಡುವ ಗಾಡಿಗೆ ಶಾಖವೇ ಶತ್ರು. ಏಣಿನದನ್ನೇ ಆರಿಸಿದೆ. ಒಂದೊಂದನ್ನೂ ಹಗ್ಗಕ್ಕೆ ತೂಗುಹಾಕಿಸಿ ಬಡಿದು ನೋಡಿದೆ. ಮೂರು ಡ್ರಮ್ಮು ಗುಡಿಯ ಗಂಟೆಯಂತೆ ಠಣ್ ಅಂದವು. ಒಂದು ದೊಬ್ ಅಂದಿತು.

"ಬಾಯಾರ, ಹೊಸಾ ಮಾಲ ಅದ್ರಿ."

"ಹೊಸಾ ಗಡಗೀನೂ ಬಡದ ನೋಡೇ ತಗೋತೀವ್ರಿ."

ಪೆಟ್ರೋಲಿನಲ್ಲಿ ಒರೆಸಿದರೆ ಕೂದಲೆಳೆಯಂಥ ಸೀಳು. ಅವರೇ ತೆಗೆದಿಟ್ಟು ಬೇರೆ ತಂದುಕೊಟ್ಟರು, ಚಹಾ ತರಿಸಿದರು. ಆಮೇಲೆ ಎಲ್ಲ ಮಾತೂ ನನ್ನ ಜೊತೆಗೇ. ಇವತ್ತು ನಾನು ನೆಲದ ಮೇಲೆ ಇಲ್ಲ.

೨೧ ಜನವರಿ, ಉಮರ್ಗಾ

ಮುಂಜಾನೆ ಅಂಗಡಿಯ ಕೆಲಸವಿತ್ತು. ಬಂದು ನೋಡಿದರೆ ನಾಲ್ಕೂ ಡ್ರಮ್ಮು ದೇವರ ಜಗಲಿಯ ಮುಂದೆ. ವಿಭೂತಿ, ಕುಂಕುಮ, ಚೆಂಡು ಹೂ. ಅತ್ತೆ ನನಗೆ ಹೇಳದೆ ಪೂಜೆ ಮಾಡಿದ್ದಾರೆ. ನಾನೂ ನಿಂತಲ್ಲೇ ಕೈ ಮುಗಿದೆ. ಮಧ್ಯಾಹ್ನ ಜಗದೇವಪ್ಪ ಬಂದು ಕೂರಿಸಿದ. ನಾಳೆ ಪರೀಕ್ಷೆ.

೨೨ ಜನವರಿ

ನಿಲ್ಲಲಿಲ್ಲ.

ಮಾವನನ್ನು ದಾಟಿ, ಅಂಗಡಿ ದಾಟಿ, ಕಾಳಿನ ಪೇಟೆ ಮೋಂಢಾದಲ್ಲಿ ಒಟ್ಟಿದ್ದ ಜೋಳದ ಚೀಲಕ್ಕೆ ತಾಗಿ ನಿಂತಿತು. ಮಾವ ಒಳಗೆ ಹೋದರು. ದಿಗಂಬರ ಬಿಡುತ್ತಾನೆಯೇ — "ಸೊಲ್ಲಾಪುರದ ಹೊಸಾ ಮಾಲ. ವಹಿನಿ ಬಡದ ನೋಡಿ ತಂದಾರ."

ಚಾವಿ ಮಾವನ ಮುಂದೆ ಇಟ್ಟು ಬಂದೆ.

೨೫ ಜನವರಿ

ಬರೆಯಲು ಮನಸ್ಸಿರಲಿಲ್ಲ. ನಿಲಂಗಾದವರು ನಾಳೆ ಬರುತ್ತಾರೆ.

ಆದರೆ ಇವತ್ತು — ಅಂಗಳದಲ್ಲಿ ಬಟ್ಟೆ ಒಣಹಾಕುವಾಗ ಗಾಡಿಯ ಹತ್ತಿರ ಒಂದು ವಾಸನೆ. ಸುಟ್ಟ ಕುಸುಬಿ ಎಣ್ಣೆ. ನಮ್ಮ ಒಗ್ಗರಣೆಯ ವಾಸನೆ, ಮೋಟಾರಿನದಲ್ಲ. ಜಗದೇವಪ್ಪನಿಗೆ ಹೇಳಿಕಳಿಸಿದೆ. ಬಿಚ್ಚಿದರೆ ಲೈನಿಂಗು ಎಣ್ಣೆ ಕುಡಿದು ತೊಯ್ದಿದೆ. ಅವನು ತಲೆ ಕೆರೆದುಕೊಂಡ.

"ಗಿರಿಜಾಬಾಯಾರು ಹಾಕಿದ್ರಿ. ಹೊಸಾ ಗಾಲಿ ಎಣ್ಣಿ ಉಣದ ಹೊಂಡಬಾರದು ಅಂದ್ರು. ಹೊರಗಿಂದ ಒರಸಿದೆ. ಒಳಗಿಂದು ಪೂಜಿ ಎಣ್ಣಿ ಅಲ್ಲೇನ್ರಿ, ಒರಸ್ಲಾಕ ಕೈ ಬರ್ಲಿಲ್ಲ. ಸುಟ್ಟ ಹೋಗ್ತದ ಅನಕೊಂಡೆ."

ಎತ್ತಿನ ಗಾಡಿಯ ಹೊಸ ಗಾಲಿಗೆ ನಮ್ಮ ಮನೆಯಲ್ಲಿ ಮೊದಲು ಎಣ್ಣೆ ಉಣಿಸುತ್ತಾರೆ, ಆಮೇಲೆ ಹೂಡುತ್ತಾರೆ. ಸಲೀಸಾಗಿ ತಿರುಗಲಿ ಎಂದು. ಇದು ತಿರುಗಿಸುವ ಸಾಮಾನಲ್ಲ, ಹಿಡಿದು ನಿಲ್ಲಿಸುವ ಸಾಮಾನು. ಅತ್ತೆಗೆ ಯಾರು ಹೇಳಿದ್ದರು? ನಾನೂ ಹೇಳಿರಲಿಲ್ಲ.

ಪೆಟ್ರೋಲಿನಲ್ಲಿ ತೊಳೆಸಿದೆ, ಹೊಸ ಲೈನಿಂಗು ಹಾಕಿಸಿದೆ. ಅತ್ತೆ ಹಿತ್ತಲಿಂದ ಬಂದು, "ಅದೇನು ವಾಸನಿ?" ಅಂದರು. "ಏನಿಲ್ಲ ಅತ್ತೀ." ಬಿಚ್ಚಿದ ಗಾಲಿಯ ಕಡೆ ನೋಡಿ ಒಳಗೆ ಹೋದರು.

ಮಾವನಿಗೆ ಇನ್ನೊಂದು ಸಲ ನೋಡಿರೆಂದು ಕೇಳಿದೆ. ಯಾಕೆ ಅಂದರು. ಹೀಗೇ, ಅಂದೆ. ಎಣ್ಣೆಯ ಮಾತೆತ್ತಿದರೆ ನನ್ನ ಆಯ್ಕೆ ಗೆಲ್ಲುತ್ತದೆ. ದಿಗಂಬರ ಅದನ್ನೇ ಹಿಡಿದು ಬದುಕಿರುವತನಕ ತನ್ನ ಅವ್ವನನ್ನು ಆಡಿಕೊಳ್ಳುತ್ತಾನೆ. ನನ್ನ ಪರವಾಗಿ ಮಾತಾಡಿದ ಒಬ್ಬರನ್ನು ಹೇಗೆ ಬಿಟ್ಟುಕೊಡಲಿ? "ಒಂದ ಸಲ ಅಂದ್ರ ಒಂದ ಸಲ," ಅಂದರು ಮಾವ. ಗಾಡಿ ಹೋದರೆ ಹೋಗಲಿ. ಹೋಗಲಿ ಎಂದು ಬರೆದೆ, ಎದ್ದು ಹೋಗಿ ಗಾಡಿಯ ಗಾಜು ಒರೆಸಿ ಬಂದೆ.

೨೬ ಜನವರಿ

ಚಾವಡಿಯಲ್ಲಿ ಝೆಂಡಾ ಏರಿಸಿ ಬಂದವರು ಪಡಸಾಲೆಯಲ್ಲಿ ಕೂತಿದ್ದರು. ಮಾವ, ಇವರು, ದಿಗಂಬರ, ನಿಲಂಗಾದವರು. ಚಹಾ ನಡೆದಿತ್ತು. ಹೊರಗಿನವರ ಮುಂದೆ ಅತ್ತೆ ಎಂದೂ ಹೊರಗೆ ಬಂದವರಲ್ಲ. ಇವತ್ತು ಸೆರಗು ಹೊದ್ದುಕೊಂಡು ಬಂದು ಕಂಬದ ಹತ್ತಿರ ನಿಂತರು.

"ಎಣ್ಣಿ ಹಾಕಿದಾಕಿ ನಾ. ಬಂಡಿ ಗಾಲಿ ಅಂತ ತಿಳಕೊಂಡೆ. ಜಗದೇವಪ್ಪಗ ಕೇಳಿ ಬಂದೀನಿ, ಅದಕ್ಕೇ ಬ್ರೇಕ್ ಹಿಡಿಲಿಲ್ಲ. ಈಕಿ ಆರಿಸಿದ್ದು ಖರೇ ಮಾಲ ಅದ. ಈಕಿಗಿ ಗೊತ್ತಿತ್ತು. ನನ್ನ ಹೆಸರ ಹೇಳ್ಲಿಲ್ಲ."

ದಿಗಂಬರ ನಗಲು ಹೋದ. "ಅವ್ವಾ, ಬ್ರೇಕಿಗಿ ಎಣ್ಣಿ..."

"ನಕ್ಕ ಬಿಡು. ನಿಮ್ಮಪ್ಪ ಒಂದ ಸಲ ಅಂದಿದ್ರು, ಆ ಸಲ ನಂದಾತು. ಈಗ ಈಕೀದು. ನಾನೂ ಗಾಡ್ಯಾಗ ಕೂಡ್ತೀನಿ."

ಕೂತೇ ಬಿಟ್ಟರು, ಮುಂದಿನ ಸೀಟಿನಲ್ಲಿ. ಮಾವ ಚಾವಿಯನ್ನು ನನ್ನ ಕಡೆ ಸರಿಸಿ ಅಂಗಡಿಯತ್ತ ಹೊರಟರು. ಊರ ಹೊರಗಿನತನಕ ಹೋಗಿ ತಿರುಗಿಸಿ ಜೋರು ಬಿಟ್ಟೆ. ಅತ್ತೆ "ಓಂ ನಮಃ ಶಿವಾಯ" ಅನ್ನುತ್ತಿದ್ದರು, ಕಣ್ಣು ಮಾತ್ರ ತೆರೆದಿತ್ತು. ಅಂಗಡಿಯ ಮುಂದೆ ಮಾವ ನಿಂತಿದ್ದರು. ತುಳಿದೆ. ನಾಲ್ಕೂ ಗಾಲಿ ಒಟ್ಟಿಗೆ ಹಿಡಿದವು. ಎಳೆತವಿಲ್ಲ, ಕಿರ್ರೆಂಬ ಸದ್ದಿಲ್ಲ. ಮಾವನಿಂದ ಮಾರು ದೂರದಲ್ಲಿ ನಿಂತಿತು. ಅವರು ಕದಲಲಿಲ್ಲ. ಹೆದರಿ ಕಟ್ಟೆ ಹತ್ತಿದವನು ದಿಗಂಬರ.

ನಿಲಂಗಾದವರು ಬಸ್ಸಿಗೆ ಹೋದರು. ಚಾವಿ ಮತ್ತೆ ಮಾವನ ಮುಂದೆ ಇಟ್ಟೆ.

ಡ್ರಮ್ಮಿನ ಮೇಲೆ ಹೆಮ್ಮೆಯಿದೆ, ನನ್ನ ಕಿವಿಯ ಮೇಲೂ. ಅತ್ತೆಯ ಮೇಲಿರುವಷ್ಟು ಯಾವುದರ ಮೇಲೂ ಇಲ್ಲ. ಹೆರಿಗೆಯಲ್ಲಿ ತೀರಿಕೊಂಡ ನನ್ನ ಅವ್ವ ಇದ್ದಿದ್ದರೆ ಹೀಗೆಯೇ ನಿಲ್ಲುತ್ತಿದ್ದಳೋ ಏನೋ.

೨೮ ಜನವರಿ

ಎರಡು ದಿನವಾಯಿತು, ಮಾವ ಚಾವಿಯ ಮಾತೇ ಎತ್ತಿಲ್ಲ. ನಾನೂ ಕೇಳಿಲ್ಲ. ಇವರು, "ಅಪ್ಪಾರ ಬಾಯಿ ಬಿಡ್ಸೋದು ಕಲ್ಲಿನ ನಂದಿಗಿ ನೀರ ಕುಡ್ಸಿದಂಗ," ಅನ್ನುತ್ತಾರೆ. ಮಾವ ಇವತ್ತು ಉದಗೀರ ಮಠಕ್ಕೆ ಹೊರಟಿದ್ದಾರೆ. ಇಷ್ಟು ವರ್ಷವೂ ಬಸ್ಸೇ, ಗಾಡಿ ಮನೆಯಲ್ಲಿದ್ದರೂ ಬಸ್ಸೇ. ಬಸ್ಸು ಹಾರ್ನ್ ಹೊಡೆದು ಈಗ ಹೋಯಿತು. ಮಾವ ನಿಲ್ಲಿಸೆಂದು ಕೂಗಿದ ಸದ್ದಿಲ್ಲ. ಅಂಗಳದಲ್ಲಿ ಮಾವನ ಕೋಲಿನ ಸದ್ದು. ಗಾಡಿಯ ಬಾಗಿಲು ತೆಗೆದು ಹಾಕಿದ ಸದ್ದು.

"ಶಿವಗಂಗಾ, ಚಾವಿ ಗಾಡಿಗಿ ಹಚ್ಚೀನಿ. ತಡಾ ಆಗ್ಲಾಕ್ ಹತ್ಯದ, ಬಾ ಅವ್ವಾ..."

ಅವ್ವಾ ಅಂದರು. ಮಾವ, ನನಗೆ! ಉಳಿದದ್ದು ಉದಗೀರದಿಂದ ಬಂದ ಮೇಲೆ.