ಎರಡು ಮನಿಗೆ ಒಂದೇ ಹಲಗಿ

ಕಂಪ್ಲಿ. 9 ಮೇ 1932, ಸೋಮವಾರ

ಮಾಳಿಗಿ ಹತ್ತಿ ನೋಡಿದೆ. ಮುಂದಿನ ಅಂಚಿನ ಹಲಗಿ ಹೋಗೇಬಿಟ್ಟೈತಿ. ಬೆರಳು ಒತ್ತಿದ್ರ ಒಳಗ ಇಳಿತೈತಿ, ಹಿಟ್ಟಿನಂಗ ಉದುರತೈತಿ. ತಪ್ಪು ನಮ್ಮದೇ. ವರ್ಷಾ ವರ್ಷಾ ಮಳಿಗಿಂತ ಮೊದಲು, ಸೋರಬಾರದಂತ ಮ್ಯಾಲೆ ಸೌಳು ಮಣ್ಣು ಹಾಕತೀವಿ, ಹಳೇದು ಕೆರೆದು ತೆಗಿಯೋರು ಒಬ್ಬರಿಲ್ಲ. ಅಪ್ಪ ಹಾಕಿದ, ಅಣ್ಣ ಹಾಕಿದ, ನಾನೂ ಹಾಕಿದೆ. ಈಗ ಮೊಳಕಾಲುದ್ದ ನಿಂತೈತಿ. ಅಷ್ಟೂ ಆ ಹಲಗಿ ತಡಕೊಂಡೈತಿ.

ಸಾಲಿಗೆ ಸೂಟಿ. ಇದೊಂದು ರಿಪೇರಿ ಮುಗಿಸಬೇಕು.

11 ಮೇ, ಸಂಜಿ

ಬಡಿಗೇರ ಪಾಲಪ್ಪ ಬಂದಿದ್ದ. ಅಂಚಿನುದ್ದಕ್ಕೂ ಕೈಯಾಡಿಸಿ ನೋಡಿದ.

"ಮಾಸ್ತರ್ರ, ಹಲಗಿ ಒಂದೇ ಐತ್ರಿ. ನಿಮ್ಮ ತುದಿಯಿಂದ ಅಣ್ಣಾರ ತುದಿತನಕ. ನಡುವ ಕೊಯ್ದ್ರ ಆ ಕಡಿ ಅರ್ಧ ಯಾತರ ಮ್ಯಾಲೆ ನಿಂದ್ರಬೇಕು? ಅಣ್ಣಾರಿಗೆ ಒಂದು ಮಾತು ಹೇಳ್ರಿ, ಪೂರಾ ಬದ್ಲಿ ಮಾಡೋಣು."

"ನಾ ಹೇಳಂಗಿಲ್ಲ. ನನ್ನ ಪಾಲು ಕೊಯ್ದು ಹಾಕು."

"ಹಂಗಾರ ಬ್ಯಾರೇದವರನ್ನ ಕರಕೊಳ್ರಿ." ಮಜ್ಜಿಗಿ ಕುಡಿದು ಹೋದ. ಏನು ಸೊಕ್ಕು.

ಅಣ್ಣ ಚನ್ನಯ್ಯ ನನ್ನ ಕೂಡ ಮಾತು ಬಿಟ್ಟು ಆರು ವರ್ಷ ಆತು. ನಾನೂ ಬಿಟ್ಟೀನಿ. ಪಾರ್ಟಿಷನ್ ದಿನ ಎಲ್ಲಾ ಎರಡು ಮಾಡಿದ್ವಿ — ಹೊಲ, ಹಂಡೆ, ಪಡಸಾಲಿ. ಅವ್ವನ್ನೂ. ಯುಗಾದಿಯಿಂದ ದಸರಾತನಕ ಅವನ ಪಾಳಿ, ದಸರಾದಿಂದ ಯುಗಾದಿತನಕ ನಂದು. ಮಾಳಿಗಿ ಮಾತ್ರ ಎರಡು ಆಗಲಿಲ್ಲ.

15 ಮೇ, ಭಾನುವಾರ

ಆ ಕಡಿಯವರೆಲ್ಲ ಎಮ್ಮಿಗನೂರಿಗೆ ಮದುವಿಗೆ ಹೋಗ್ಯಾರ. ಅವ್ವನೂ. ಇದೇ ಚಲೋ ಟೈಮು ಅಂತ ಗರಗಸ ತಗೊಂಡು ನಾನೇ ಹತ್ತಿದೆ.

ಜಂಬಮ್ಮ ಕೆಳಗ ನಿಂತು, "ಅತ್ತಿ ದಿನಾ ಆ ಕಡಿ ಹಲಗಿ ಬುಡಕಿನ ಕಟ್ಟಿ ಮ್ಯಾಲೆ ಕುಂದ್ರತಾರ, ಖಬರಿರ್ಲಿ" ಅಂದ್ಲು. ಹೆಂಡ್ತಿ ಅನ್ನಾಕಿ ಸುಮ್ನಿದ್ರ ಕೆಲಸ ಆಗತಾವ. ಬೈದು ಒಳಗ ಕಳಿಸಿದೆ.

ಗ್ವಾಡಿ ನಡುವಿನ ಗೆರಿಗೆ ಸರಿಯಾಗಿ ಕೊಯ್ದೆ. ಒಂದು ಬೆರಳೂ ಅವನ ಪಾಲಿಗೆ ಹೋಗಲಿಲ್ಲ. ಹೊಸಪೇಟಿ ಡಿಪೋದಿಂದ ತಂದ ಸಾಗವಾನಿ ಹಲಗಿ ನನ್ನ ಕಡಿ ಕೂಡಿಸಿದೆ. ಮಸ್ತ್ ಕುಂತೈತಿ.

ಕೊಯ್ದ ಜಾಗದಾಗ ಅವನ ಹಲಗಿ ತುದಿಗೆ ಕೆಳಗ ಜಂತಿ ಇಲ್ಲ, ಮೊಳಿ ಇಲ್ಲ. ಗಾಳ್ಯಾಗ ನಿಂತೈತಿ. ಒಂದು ಮೊಳಿ ಹೊಡದು ನನ್ನ ಹಲಗಿಗೆ ಬಿಗೀಬಹುದಿತ್ತು. ಮೊಳಿ ಕೈಯಾಗೇ ಇತ್ತು. ಹೊಡಿಲಿಲ್ಲ. ಅವನ ಹಲಗಿ, ಅವ ಹೊಡಕೊಳ್ಳಲಿ.

20 ಮೇ

ಚನ್ನಯ್ಯ ಬಂದು ತನ್ನ ಕಡಿ ಮಣ್ಣು ಹಾಕಿಸಿದ. ಹಳೇದರ ಮ್ಯಾಲೇ. ಕೊಯ್ದ ಜಾಗ ನೋಡಿದ. ಅವನೂ ಮೊಳಿ ಹೊಡಿಲಿಲ್ಲ.

12 ಜೂನ್

ಆಗಿ ನಾಲ್ಕು ದಿನಾತು, ಬರಿಯಾಕ ಆಗಿರಲಿಲ್ಲ.

8ನೇ ತಾರೀಖು ಮಧ್ಯಾಹ್ನ ಮಿರಗದ ಮಳಿ ಬಂತು. ಅಂಥಾ ದೊಡ್ಡ ಮಳಿ ಏನಲ್ಲ. ನಾನು ಒಳಗ ರಿಜಿಸ್ಟರ್ ಗೆರಿ ಹೊಡಿಯಾಕ ಹತ್ತಿದ್ದೆ. ಧೊಪ್ಪ ಅಂತ ಸಪ್ಪಳಾತು. ಅಣ್ಣನ ಹೆಂಡ್ತಿ ಹಂಪಮ್ಮ ವೈನಿ ಚೀರಿದ್ಲು. ಅವನ ಹಲಗಿ ತುದಿ ಬಿಟ್ಟು, ಮಣ್ಣೆಲ್ಲ ಕಟ್ಟಿ ಮ್ಯಾಲೆ. ಅವ್ವ ಅಲ್ಲೇ ಜ್ವಾಳ ಹಸನು ಮಾಡಾಕ ಕುಂತಿದ್ಲು.

ಸೊಂಟ ಹೋಗೈತಿ. ಬುಕ್ಕಸಾಗರದಿಂದ ಎಲುಬು ಕಟ್ಟೋ ಎರ್ರೆಮ್ಮ ಬಂದಿದ್ಲು. ಈ ವಯಸ್ಸಿಗೆ ಕೂಡಂಗಿಲ್ಲ, ಇನ್ನ ಏಳಂಗಿಲ್ಲ ಅಂದ್ಲಂತ. ಜಂಬಮ್ಮ ಹೋಗಿ ಕೇಳಕೊಂಡು ಬಂದ್ಲು. ನಾ ಹೋಗಲಿಲ್ಲ. ಯಾವ ಮುಖ ಇಟಗೊಂಡು ಹೋಗ್ಲಿ? ನರಳೋದು ಗ್ವಾಡಿ ಈ ಕಡಿ ಕೇಳತೈತಿ.

ನನ್ನ ಕಡಿ ಒಂದು ಮುಟಗಿ ಮಣ್ಣು ಬಿದ್ದಿಲ್ಲ.

19 ಜೂನ್, ಬೆಳಿಗ್ಗೆ

ಉಳಿದ ಸಾಗವಾನಿ ತುಂಡು ತಗೊಂಡು ಅವನ ಅಂಗಳಕ್ಕ ಹೋದೆ. ಕೇಳಲಿಲ್ಲ. ಏಣಿ ಹಚ್ಚಿದೆ. ಚನ್ನಯ್ಯ ಹೊರಗ ಬಂದ. ಬೈತಾನ ಅಂದಕೊಂಡೆ. ಬಂದು ಏಣಿ ಹಿಡಕೊಂಡ.

ಹಳೇ ಮಣ್ಣು ಕೆರೆದೆ. ಹಲಗಿ ಎತ್ತಿ ಇಟ್ಟೆ. ಎರಡು ಏಟು ಹೊಡದಿದ್ನೋ ಇಲ್ಲೋ, ಒಳಗಿಂದ ಅವ್ವ ಕೇಳಿದ್ಲು. "ಮ್ಯಾಲೆ ಯಾರೋ ಅದು?"

ಚನ್ನಯ್ಯ ನನ್ನ ಮುಖ ನೋಡಿದ. "ಬಡಿಗ್ಯಾರವ, ಅವ್ವ."

ಅವ ಹೇಳಿಲ್ಲ ಅಕಿಗೆ. ಕೊಯ್ದವ ಯಾರಂತ ಹೇಳೇ ಇಲ್ಲ.

"ಅವಗ ಹೇಳಪಾ. ಆ ಕಡಿ ನನ್ನ ಸಣ್ಣ ಮಗ ಇರತಾನ. ಅವನ ಹಲಗಿಗೂ ಒಂದು ಮೊಳಿ ಹೊಡಿ ಅನ್ನು. ಮಾಸ್ತರಕಿ ಮಾಡಾಂವ, ಇಂಥಾವೆಲ್ಲ ಬರಂಗಿಲ್ಲ ಅವಗ."

ಚನ್ನಯ್ಯ ತಲಿ ತಗ್ಗಿಸಿದ. ಮೊಳಿ ತಗದು ಮ್ಯಾಲೆ ಚಾಚಿದ. ಎರಡು ಡೊಂಕಾದವು. ಮೂರನೇದು ಇಳೀತು. ಎರಡೂ ಹಲಗಿ ಕೂಡಿದವು.

ಕೆಳಗ ಇಳದು ಬಾಗಿಲತನಕ ಹೋದೆ. ಆರು ವರ್ಷ ದಾಟಿರಲಿಲ್ಲ ಆ ಹೊಸ್ತಿಲ. ಅವ್ವಗ ಕಣ್ಣು ಅಷ್ಟು ಕಾಣಂಗಿಲ್ಲ. ಬೆಳಕಿಗೆ ಅಡ್ಡ ನಿಂತದ್ದು ಗೊತ್ತಾತು.

"ಯಾರು, ಬಡಿಗ್ಯಾರವನೇನಪಾ? ಮುಗೀತೇನು?" ಅಂದ್ಲು.

ನಾನು ಬಾಯಿ ತಗದೆ. ಹೂಂ ಅಂದ್ರ ದನಿ ಗುರ್ತು ಹಿಡೀತಾಳ ಅಂತ ಗೊತ್ತಿದ್ದೂ, "ಹೂಂ ಅವ್ವ, ಮುಗೀತು" ಅಂದೆ.