ಎರಡು ಸಾವಿರ ಪೌಂಡ್

ಫೇರ್‌ಬ್ಯಾಂಕ್ಸ್, ಅಲಾಸ್ಕಾ
ನವೆಂಬರ್ ೧೪

ಪ್ರಿಯ ರೊವೀನಾ,

ಹೇಗಿದ್ದೀಯ? ನಿನ್ನ ಪತ್ರ ಬಂದು ಐದು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕೆಲಸ ಕಾರಣವಲ್ಲ. ಹಿಮ ಬಿದ್ದ ಮೇಲೆ ಇಲ್ಲಿ ಯಾರಿಗೂ ದೋಣಿ ಬೇಡ. ನೀನು ಕೇಳಿದ್ದು ಒಂದೇ ಪ್ರಶ್ನೆ: 'ನನ್ನ ಗಂಡ ಆಸೆಬುರುಕನಾಗಿದ್ದನೇ? ಊರೆಲ್ಲ ಹಾಗನ್ನುತ್ತಿದೆ. ಅಣ್ಣನಾಗಿ ಬೇಡ, ದೋಣಿ ಮಾಡುವವನಾಗಿ ಹೇಳು.'

ದೋಣಿ ಮಾಡುವವನಾಗಿ ಹೇಳುವುದಾದರೆ, ಬೇಟೆಗೆ ಹೊರಡುವ ನನ್ನ ಗಿರಾಕಿಗಳನ್ನು ಕಂಡರೆ ನನಗೆ ಅಸಹ್ಯ. ಸಣ್ಣ ವಿಮಾನದಲ್ಲಿ ನದಿಯ ಮೇಲ್ಭಾಗಕ್ಕೆ ಹೋಗಿ ಇಳಿದು, ನನ್ನ ದೋಣಿಗೆ ಗಾಳಿ ತುಂಬಿಕೊಂಡು ಹತ್ತು ದಿನ ತೇಲಿ ಬಂದವರು ಕಾಡು ಗೆದ್ದವರಂತೆ ಮಾತಾಡುತ್ತಾರೆ. ಆಗಸ್ಟ್‌ನಲ್ಲಿ ಒಬ್ಬ, 'ಬಿಯರ್ ಇಡೋಕೆ ಜಾಗ ಎಲ್ಲಿ ಮಾಡಿದ್ದೀರಿ ಯಜಮಾನ್ರೇ?' ಎಂದ. 'ನಿಮ್ಮ ಹೊಟ್ಟೆಯಲ್ಲಿ' ಎಂದೆ. ನಕ್ಕು ಎರಡು ದೋಣಿ ಕೊಂಡ. ಕುದುರೆಗಿಂತ ಎತ್ತರದ ಕಡವೆಯಾದ ಮೂಸ್‌ನ ಮಾಂಸವೆಲ್ಲ ದೋಣಿಗೆ ಸಾಗಿದ ಮೇಲೆಯೇ ಕೊಂಬು ಎತ್ತಬೇಕೆಂಬುದು ಇಲ್ಲಿನ ನಿಯಮವಲ್ಲವೇ? ಹಾಗಾಗಿ ಅಂಚಿನವರೆಗೆ ಮುಳುಗಿದ ದೋಣಿಯ ಮೇಲೆ ಕೊನೆಗೆ ಕೊಂಬು ಏರುತ್ತದೆ. ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ದೋಣಿಯ ಬದಿಯಲ್ಲಿ ಎರಡು ಸಾವಿರ ಪೌಂಡ್ ಎಂದು ಅಚ್ಚಾಗಿರುತ್ತದೆ. ಜಲ್ಲಿ ಹೊಂಡದ ನಿಂತ ನೀರಿನಲ್ಲಿ, ನೀರಿನ ಚೀಲಗಳನ್ನು ಪೇರಿಸಿ ನಾನೇ ಅಳೆದದ್ದು. ಅಷ್ಟು ಹೇರಿದರೂ ಅದು ಮುಳುಗುವುದಿಲ್ಲ. ಆದರೆ ಸಾವಿರದ ಇನ್ನೂರು ದಾಟಿದರೆ ಹುಟ್ಟಿನ ಮಾತು ಕೇಳುವುದಿಲ್ಲ. ತಿರುಗದ ದೋಣಿಯನ್ನು ನದಿ ತನಗೆ ಬೇಕಾದಲ್ಲಿಗೆ ಒಯ್ಯುತ್ತದೆ, ಹೆಚ್ಚಾಗಿ ನೀರಿಗೆ ಬಾಗಿ ಬಿದ್ದ ಯಾವುದಾದರೂ ಮರದ ಅಡಿಗೆ. ತಿರುಗುವ ತೂಕವನ್ನೇ ಅಚ್ಚು ಹಾಕೋಣ ಎಂದು ಒಮ್ಮೆ ಹೇಳಿದ್ದೆ. ನನ್ನ ಪಾಲುದಾರ ಡ್ವೇನ್, 'ಬೇರೆಯವ್ರೆಲ್ಲ ಎರಡು ಸಾವಿರ ಅಂತಾರೆ. ನಾವು ಸಾವಿರದಿನ್ನೂರು ಅಂದ್ರೆ ನಮ್ಮ ದೋಣಿಯಲ್ಲೇ ತೂತಿದೆ ಅನ್ಕೋತಾರೆ ಕಣಯ್ಯ' ಎಂದ. ಒಪ್ಪಿಕೊಂಡೆ. ನದಿ ಬಲ್ಲವರು ಅಷ್ಟು ಹೇರುವುದಿಲ್ಲ. ಉಳಿದವರ ಮೇಲೆ ನನಗೆ ಕನಿಕರವಿರಲಿಲ್ಲ.

ನಿನ್ನ ಎಮೆಟ್ ಒಯ್ದಿದ್ದ ನಮ್ಮ ದೋಣಿಯಲ್ಲಿ ಎರಡು ಮೂಸ್‌ಗಳ ಮಾಂಸವಿತ್ತು; ಇಬ್ಬರು ಆಳು, ಸಾಮಾನು ಸೇರಿ ಸಾವಿರದ ಎಂಟುನೂರು ಪೌಂಡ್‌ಗೆ ಕಡಿಮೆಯಿಲ್ಲ. ಜೊತೆಗಿದ್ದ ಲೀಲಂಡ್ ಈಜಿ ದಡ ಸೇರಿದ, ಎಮೆಟ್ ಸೇರಲಿಲ್ಲ. ಮರದಡಿಯಿಂದ ಬಿಡಿಸಿ ತಂದ ದೋಣಿಯನ್ನು ನಾನು ಬೆರಳಾಡಿಸಿ ನೋಡಿದೆ. ಒಂದು ಕಡೆಯೂ ಅಂಟು ಬಿಟ್ಟಿರಲಿಲ್ಲ. ಡ್ವೇನ್ ಹೆಮ್ಮೆಯಿಂದ ತಲೆಯಾಡಿಸಿದ.

ಒಲೆಗೆ ಒಣ ಸೌದೆಯನ್ನೇ ಹಾಕು. ಹೊತ್ತಿಗೆ ಸರಿಯಾಗಿ ಊಟ ಮಾಡು. ಈ ಚಳಿಗಾಲ ನಿನ್ನ ಮೇಲೆ ಹಗುರಾಗಿ ಹಾದುಹೋಗಲಿ.

ನಿನ್ನ ಅಣ್ಣ,
ಹಾಲ್ವರ್

ತಾ.ಕ.: ನೀನು ಕೇಳಿದ್ದಕ್ಕೆ ಮೇಲೆ ಎಲ್ಲೂ ಉತ್ತರವಿಲ್ಲ. ಆ ದಿನ ಎಮೆಟ್ ನದಿಯ ದಡದಿಂದ ಸ್ಯಾಟಲೈಟ್ ಫೋನಿನಲ್ಲಿ ನನಗೆ ಕರೆ ಮಾಡಿದ್ದ. 'ಭಾವ, ಇಬ್ಬರಿಗೂ ಒಂದೊಂದು ಸಿಕ್ತು. ಎಲ್ಲಾನೂ ಒಂದೇ ಸಲ ಹೇರಬಹುದಾ, ಇಲ್ಲಾ ಒಂದಕ್ಕೆ ವಿಮಾನ ಕರೆಸ್ಲಾ?' ಎಂದು ಕೇಳಿದ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಅವರಿಗೆ ಕೇಳಿಸಲೆಂದೇ ಜೋರಾಗಿ, 'ದೋಣಿ ಮೇಲೆ ಅಚ್ಚು ಹಾಕಿದ್ದೀವಲ್ಲ, ಓದೋಕೆ ಬರಲ್ವೇನೋ ನಿಂಗೆ?' ಎಂದೆ. ಅವರು ನಕ್ಕರು. 'ಸರಿ ಭಾವ' ಎಂದು ಅವನು ಫೋನ್ ಇಟ್ಟ.